ಕೀಲಿ ಹಾಕಿದ ಒಂಬತ್ತು ಮನೆ

ಸಂಜೆ ಹಳ್ಳಿಯಿಂದ ಬಂದವರೇ ಅಕ್ಕೋರು ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರ ಎದುರಿನ ಕುರ್ಚಿಯಲ್ಲಿ ಕೂತು, ಇಳಕಲ್ ಸೀರೆಯ ದಡಿಗೆ ಹತ್ತಿದ ಉತ್ತರಾಣಿ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಅವರ ಗಾಜಿನ ಮೇಜಿನ ಮೇಲೆ ಗುಂಪಿ ಹಾಕುತ್ತಿದ್ದರು. ಹಿಡಿ ತುಂಬುವವರೆಗೆ ಕೆಲಸದ ಮಾತಿಲ್ಲ. ನಿರ್ದೇಶಕರು ಮುಖ ಸಿಂಡರಿಸಿ, ‘ಅಲ್ರೀ, ಇದನ್ನ ಹೊರಗ ಕಿತ್ತು ಒಗದು ಬರಬಾರದೇನ್ರಿ?’ ಎಂದರೆ, ‘ಇರ್ಲಿ ಬಿಡ್ರಿ ಸರ, ನಿಮ್ಮ ಮೇಜಿನ ಮ್ಯಾಲ ಹಳ್ಳಿಯಿಂದ ಖರೆ ಬಂದದ್ದು ಇದೊಂದ ಐತಿ’ ಎನ್ನುತ್ತಿದ್ದರು. ಮೂಲೆಯಲ್ಲಿ ನಿಂತ ನಾನು ನಗು ನುಂಗಿಕೊಳ್ಳುತ್ತಿದ್ದೆ.

ಅವರು ತೀರಿಕೊಂಡ ವಾರದಲ್ಲೇ ಅದೇ ಕೋಣೆಯಲ್ಲಿ ಸಂತಾಪ ಸಭೆ ಆಯಿತು. ಅದೇ ಮೇಜಿನ ಮೇಲೆ ಅವರ ಫೋಟೊ ಇಟ್ಟು ಹಾರ ಹಾಕಿದ್ದರು. ನಿರ್ದೇಶಕರು ಗಂಟಲು ಸರಿಮಾಡಿಕೊಂಡು, ‘ಅವರು ನಮ್ಮ ಕೇಂದ್ರದ ಕಣ್ಣಾಗಿದ್ದರು’ ಎಂದರು. ಆ ಕಣ್ಣು ಕಂಡದ್ದನ್ನು ಕಂಡ ಹಾಗೆ ಹೇಳಿದ್ದಕ್ಕೆ ಅವರನ್ನು ಹೊರಗೆ ಹಾಕಿದವರೂ ಇವರೇ. ಎರಡು ನಿಮಿಷದ ಮೌನವನ್ನು ಅರ್ಧಕ್ಕೇ ಮುಗಿಸಿ ಚಹಾ ಹಂಚಿದರು. ನನಗೆ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಇಳಿದಿಲ್ಲ. ಬರಹ ಒರಟಾದರೆ ಓದುವವರು ಸಹಿಸಿಕೊಳ್ಳಬೇಕು.

ವಿಶ್ವವಿದ್ಯಾಲಯದ ಆ ಸಂಶೋಧನಾ ಕೇಂದ್ರ ಇದ್ದದ್ದು ವಿದ್ಯಾಗಿರಿಯ ಒಂದು ಬಾಡಿಗೆ ಮಹಡಿಯಲ್ಲಿ. ಬಾಗಲಕೋಟೆ ನಗರ ಬೆಳೆಯುತ್ತಿದೆ, ಸುತ್ತಲಿನ ಹಳ್ಳಿಗಳಿಗೆ ಅದರಿಂದ ಏನಾಗುತ್ತಿದೆ ಎಂದು ಅಧ್ಯಯನ ಮಾಡಿ ಸರಕಾರಕ್ಕೆ ವರದಿ ಕೊಡುವುದು ಅದರ ಕೆಲಸ. ಗೋಡೆ ತುಂಬ ನಕಾಶೆ, ನಕಾಶೆಯ ತುಂಬ ಬಣ್ಣದ ಪಿನ್ನು. ತಿಂಗಳಿಗೊಂದು ವಿಚಾರ ಸಂಕಿರಣ, ಅದಕ್ಕೊಂದು ಫ್ಲೆಕ್ಸು, ಬಂದವರಿಗೆ ಶಾಲು. ಪಿನ್ನು ಚುಚ್ಚಿದ ಊರುಗಳ ಓಣಿ ಓಣಿ ತಿರುಗಿದವರು ಮಾತ್ರ ಅಕ್ಕೋರು ಒಬ್ಬರೇ. ಇಳಕಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಎಲ್ಲರಿಗೂ ‘ಅಕ್ಕೋರು’ ಆದವರು, ಶಾಲೆ ಮುಚ್ಚಿದ ಮೇಲೆ ಕೇಂದ್ರದಲ್ಲಿ ಸಮೀಕ್ಷೆಯ ಮೇಲ್ವಿಚಾರಕಿಯಾಗಿ ಸೇರಿದ್ದರು. ಹನ್ನೊಂದು ತಿಂಗಳಿಗೊಮ್ಮೆ ಹೊಸ ಆದೇಶ ಬರಬೇಕಾದ ತಾತ್ಕಾಲಿಕ ಕೆಲಸ. ನಾನು ಹುನಗುಂದದಿಂದ ಬಂದು ನಿರ್ದೇಶಕರ ಕೈಕೆಳಗೆ ಪಿಎಚ್‌ಡಿಗೆ ಸೇರಿ, ಸಮೀಕ್ಷೆಯಲ್ಲಿ ಅಕ್ಕೋರ ಸಹಾಯಕನಾಗಿದ್ದೆ. ಅವರು ಒಂದು ದಿನವೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ‘ಏನಪಾ ಪಿಎಚ್‌ಡಿ’ ಎನ್ನುತ್ತಿದ್ದರು.

ಚೀಲದಲ್ಲಿ ಫಾರ್ಮುಗಳ ಜೊತೆ ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪುಡಿ ಇರುತ್ತಿತ್ತು. ಹಣೆಯ ಮೇಲಿನ ವಿಭೂತಿ ಬೆವರಿಗೆ ಅಳಿಸಿ ಹೋಗುವಷ್ಟು ಹೊತ್ತಿಗೆ ಒಂದು ಓಣಿ ಮುಗಿಯಬೇಕು ಎಂಬ ಲೆಕ್ಕ ಅವರದು. ಯಾರ ಮನೆಗೆ ಹೋದರೂ ‘ಶರಣ್ರಿ’ ಎಂದು ನೆಲದ ಮೇಲೆ ಕೂಡುತ್ತಿದ್ದರು. ದನ ಕರು, ಮಕ್ಕಳು ಮರಿ ವಿಚಾರಿಸಿದ ಮೇಲೆಯೇ ಪೆನ್ನು ಹೊರಗೆ. ಬರೆದದ್ದನ್ನು ಆ ಮನೆಯವರಿಗೆ ಓದಿ ಹೇಳದೆ ಏಳುತ್ತಿರಲಿಲ್ಲ. ನನಗೆ ಬೇಸರ ಬಂದು ಗಡಿಯಾರ ನೋಡಿದರೆ ಸಿಟ್ಟಾಗುತ್ತಿದ್ದರು. ‘ಅವರ ಮನಿ ಸುದ್ದಿ ಅವರಿಗೇ ಗೊತ್ತಿಲ್ಲದಂಗ ಬರಕೊಂಡು ಹೋಗಾಕ ನಾವೇನು ಕಳ್ಳರೇನು?’

ಒಂದು ಸಂಕ್ರಾಂತಿ ಮುಗಿದ ಮೇಲೆ ಗುಡೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಸಮೀಕ್ಷೆ ಇತ್ತು. ನಗರದಿಂದ ಹೊಸ ರಸ್ತೆ ಬರುವುದಿತ್ತು. ದಾರಿಗೆ ಅಡ್ಡ ಬರುವ ಮನೆಗಳಲ್ಲಿ ಜನ ವಾಸವಾಗಿದ್ದರೆ ಅವರಿಗೆ ಬೇರೆ ಕಡೆ ಜಾಗ ಕೊಡಬೇಕು. ಬೀಗ ಹಾಕಿ ಹೋದವರು ತಿರುಗಿ ಬರುವವರಾದರೆ ಅವರಿಗೂ ಕೊಡಬೇಕು. ಮನೆ ಖಾಲಿ ಬಿದ್ದಿದ್ದರೆ ಕೊಡಬೇಕಾಗಿಲ್ಲ. ಫಾರ್ಮಿನಲ್ಲಿ ಮೂರು ಕಾಲಂ: ವಾಸ, ಬೀಗ, ಖಾಲಿ. ಬೀರಪ್ಪನ ಗುಡಿಯ ಹಿಂದಿನ ಓಣಿ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಒಂಬತ್ತು ಮನೆಗಳ ಬಾಗಿಲಿಗೆ ಬೀಗ. ಬಿಸಿಲಿಗೆ ತಲೆ ಸುತ್ತುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಿರ್ಮಿಟ್ಟು ತಿನ್ನುತ್ತ ಒಂಬತ್ತನ್ನೂ ‘ಖಾಲಿ’ ಎಂದು ಬರೆದೆ.

ಅಕ್ಕೋರು ಅಂದೇ ಸಂಜೆ ಹಿಡಿದರು. ‘ಏನಪಾ ಪಿಎಚ್‌ಡಿ, ಖಾಲಿ ಮನಿಗೆ ಯಾರರ ಕೀಲಿ ಹಾಕ್ತಾರೇನು? ಕೀಲಿ ಹಾಕ್ಯಾರಂದ್ರ ತಿರುಗಿ ಬರ್ತಾರಂತ ಅರ್ಥ.’ ಮರುದಿನ ಮೊದಲ ಬಸ್ಸಿಗೆ ನನ್ನನ್ನು ಅಲ್ಲಿಗೇ ಎಳೆದುಕೊಂಡು ಹೋದರು. ಪಕ್ಕದ ಮನೆಯ ಮುದುಕಿ ದಾರಕ್ಕೆ ಪೋಣಿಸಿದ ಒಂಬತ್ತು ಕೀಲಿಕೈ ತಂದು, ಒಂದು ಬಾಗಿಲು ತೆರೆದು ತೋರಿಸಿದಳು. ಗುಡಿಸಿದ ನೆಲ, ಮೂಲೆಯಲ್ಲಿ ಜೋಳದ ಚೀಲ, ಗೂಡಿನಲ್ಲಿ ದೀಪದ ಮಸಿ. ‘ಕುರಿ ಹೊಡ್ಕೊಂಡು ಹೋಗ್ಯಾರ್ರಿ. ಕಾರಹುಣ್ಣಿವಿಗೆ ಬರ್ತಾರ. ಅಮಾಸಿಗೊಮ್ಮಿ ನಾನ ಕಸಾ ಹೊಡದು ದೀಪಾ ಹಚ್ಚತೇನಿ’ ಎಂದಳು. ನಾನು ತಲೆ ತಗ್ಗಿಸಿ ಒಂಬತ್ತು ಫಾರ್ಮುಗಳಲ್ಲೂ ‘ಖಾಲಿ’ ಹೊಡೆದುಹಾಕಿ ‘ಬೀಗ’ ಎಂದು ಬರೆದೆ. ಅಕ್ಕೋರು ಪ್ರತಿಯೊಂದರ ಕೆಳಗೂ ಸಹಿ ಮಾಡಿದರು.

ವರದಿ ಮುಗಿಸುವ ಹೊತ್ತಿಗೆ ನಿರ್ದೇಶಕರಿಗೆ ಮೇಲಿನಿಂದ ಏನು ಫೋನು ಬಂತೋ ದೇವರಿಗೇ ಗೊತ್ತು. ‘ಬೀಗ ಅಂದ್ರೂ ಯಾರೂ ಇಲ್ಲಂತನ ಅಲ್ಲೇನ್ರಿ? ಬೀಗಾನೂ ಖಾಲೀನೂ ಒಂದ ಕಾಲಂ ಮಾಡಿಬಿಡ್ರಿ’ ಎಂದರು. ಅಕ್ಕೋರು ಎದ್ದು ನಿಂತರು. ‘ಸರ, ಸೂಟಿಯೊಳಗ ನೀವು ಕೀಲಿ ಹಾಕಿ ಊರಿಗೆ ಹೋಗ್ತೀರಿ. ಬರೂದರಾಗ ನಿಮ್ಮ ಮನಿ ಖಾಲಿ ಅಂತ ನಾ ಬರದ್ರ ನಡೀತೈತೇನ್ರಿ?’ ಆ ಸಲದ ಹನ್ನೊಂದು ತಿಂಗಳು ಮುಗಿದಾಗ ಹೊಸ ಆದೇಶ ಬರಲಿಲ್ಲ. ಅಷ್ಟು ವರ್ಷ ಎರೆ ಹೊಲ ತುಳಿದವರಿಗೆ ಎರಡು ಸಾಲಿನ ಕಾಗದ ಕೊಟ್ಟು ಕಳಿಸಿದರು. ಒಂದು ಶಾಲು ಕೂಡ ಹೊದಿಸಲಿಲ್ಲ, ಹಾಳಾದವರು.

ಇನ್ನು ನನ್ನ ಸುದ್ದಿ. ನಿರ್ದೇಶಕರು ನನ್ನನ್ನು ಕರೆದು, ‘ಸಣ್ಣ ತಿದ್ದುಪಡಿ ಐತಿ, ನೀ ಮಾಡ್ತಿ’ ಎಂದರು. ಮೇಜಿನ ಮೇಲೆ ನನ್ನ ಪ್ರಬಂಧ ಅವರ ಸಹಿಗೆ ಕಾಯುತ್ತಿತ್ತು. ಇಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಒಂಬತ್ತು ಮನೆಗಳನ್ನು ಆ ಕಾಲಮ್ಮಿನಿಂದ ಈ ಕಾಲಮ್ಮಿಗೆ ಹಾಕಿದೆ. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊದಲ ಸಲ ಬರೆದದ್ದು ಮೈಗಳ್ಳತನಕ್ಕೆ; ಈ ಸಲ ಗೊತ್ತಿದ್ದೂ ಬರೆದೆ. ನಿರ್ದೇಶಕರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ನನ್ನ ಮೇಲಿದೆ. ಆ ಪ್ರಬಂಧಕ್ಕೇ ನನಗೆ ಡಾಕ್ಟರೇಟು ಬಂತು, ಕಾಲೇಜಿನಲ್ಲಿ ನೌಕರಿಯೂ ಸಿಕ್ಕಿತು.

ಕಾರಹುಣ್ಣಿಮೆಗೆ ಕುರಿಯವರು ಬಂದಾಗ ಗೋಡೆಗಳ ಮೇಲೆ ಕೆಂಪು ಗುರುತು ಬಿದ್ದಿತ್ತು. ಜಾಗ ಕೊಡುವವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವರು ರೇಷನ್ ಕಾರ್ಡು ತೋರಿಸಿದರು, ಕರೆಂಟ್ ಬಿಲ್ಲು ತೋರಿಸಿದರು. ಕಚೇರಿಯವರು ನಮ್ಮ ವರದಿ ತೋರಿಸಿದರು. ಮುಂದಿನ ಬೇಸಿಗೆಗೆ ಮನೆ ಕೆಡವಿದರು. ಒಂಬತ್ತು ಸಂಸಾರ ಗುಡಿಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡವು.

ಕೆಲಸ ಹೋದ ಅಕ್ಕೋರು ಮೂರು ವರ್ಷ ಅವರನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಮೊಣಕಾಲು ಬಾತು ಮೆಟ್ಟಿಲು ಹತ್ತಲು ಆಗದಿದ್ದಾಗ ಕೆಳಗೇ ಕೂತು ಅರ್ಜಿ ಬರೆದು ಮೇಲೆ ಕಳಿಸುತ್ತಿದ್ದರು. ಒಂದು ಮಧ್ಯಾಹ್ನ ಕಾಲೇಜಿನಲ್ಲಿ ನನ್ನ ಕೋಣೆಗೆ ಬಂದರು. ನಾನು ಎದ್ದು ಕುರ್ಚಿ ಕೊಟ್ಟೆ. ಕೂಡಲಿಲ್ಲ. ‘ನೀನ ಬರದಿ ಅಂತ ಗೊತ್ತೈತಿ’ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದರು. ‘ನನಗ ಹೇಳಬ್ಯಾಡ. ಅವರಿಗೆ ಹೋಗಿ ಹೇಳು.’ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನ ಇಳಿದು ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಹೋಗಲಿಲ್ಲ. ಇವತ್ತು ಪರೀಕ್ಷೆ, ನಾಳೆ ಮೌಲ್ಯಮಾಪನ ಎನ್ನುತ್ತ ಮುಂದೂಡಿದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ಇಳಕಲ್ಲಿನಲ್ಲಿ ಮಣ್ಣು ಮಾಡಿದರು. ಒಂಬತ್ತು ಸಂಸಾರದವರೂ ಬಂದಿದ್ದರು. ಅವರಲ್ಲಿ ಹಿರಿಯ, ಹೆಗಲ ಮೇಲೆ ಕಂಬಳಿ ಹೊತ್ತ ಮುದುಕ, ಕೀಲಿಕೈಯ ಮುದುಕಿ ನನ್ನ ಕಡೆ ಕೈ ಮಾಡಿ ತೋರಿಸಿದ ಮೇಲೆ ಹತ್ತಿರ ಬಂದ. ‘ಸಾಹೇಬ್ರ, ನೀವು ಅಕ್ಕೋರ ಕೂಡ ಸರ್ವೆಕ್ಕ ಬಂದಿದ್ರಿ ಅಂತ ನಮ್ಮ ಓಣಿ ಮುದುಕಿ ಅಂತಾಳ. ಎಲ್ಲಾ ಕಚೇರ್ಯಾಗೂ ಒಂದ ಮಾತ್ರಿ, ಇಲ್ಲಿ ಯಾರೂ ಇರಲಿಲ್ಲಂತ ಬರದೈತಿ ಅಂತಾರ. ಯಾರ ಬರದಾರ ಅಂತ ಅಕ್ಕೋರಿಗೆ ಎಷ್ಟ ಸಲ ಕೇಳಿದ್ರೂ ಹೆಸರ ಹೇಳಲಿಲ್ಲ. ತಡೀರಿ, ಅವನ ಬಂದು ಹೇಳ್ತಾನ ಅಂತಿದ್ರು. ಅಕ್ಕೋರ ಹೋದ್ರು. ಇನ್ನ ಅವ ಯಾವಾಗ ಬರ್ತಾನ್ರಿ?’

‘ನಾನ ಬರದದ್ದು, ಯಜಮಾನ್ರ’ ಎಂದೆ.

ಮುಖಕ್ಕೆ ಉಗುಳಿದ್ದರೂ ನಾನು ಒರೆಸಿಕೊಳ್ಳುತ್ತಿರಲಿಲ್ಲ. ಅವನು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. ‘ಇಲ್ಲಿ ಹೇಳಿ ಏನ್ ಮಾಡೂದೈತ್ರಿ, ಕೇಳೋ ಅಕ್ಕೋರು ಮಣ್ಣಾಗ ಕುಂತಾರ. ಬರೂ ಸೋಮವಾರ ಕಚೇರಿಗೆ ಬರ್ರಿ. ಅಲ್ಲಿ ಹೇಳ್ರಿ’ ಎಂದು ಹೊಳ್ಳಿ ಹೋದ.

ಸಂತಾಪ ಸಭೆ ಆದದ್ದು ಮಣ್ಣಿಗೂ ಆ ಸೋಮವಾರಕ್ಕೂ ನಡುವೆ, ಶನಿವಾರ. ಸೋಮವಾರ ಮುದುಕನ ಜೊತೆ ಭೂಸ್ವಾಧೀನದ ಕಚೇರಿಗೆ ಹೋದೆ. ಆ ಒಂಬತ್ತು ಮನೆಗಳಲ್ಲಿ ಜನ ಇದ್ದರು, ಗೊತ್ತಿದ್ದೂ ಖಾಲಿ ಎಂದು ಬರೆದವನು ನಾನು ಎಂದು ಬರೆದು, ಅದನ್ನು ಮುದುಕನಿಗೆ ಓದಿ ಹೇಳಿ, ಸಹಿ ಮಾಡಿದೆ. ಗುಮಾಸ್ತ ಎರಡು ಸಲ ಓದಿದ. ಕಚೇರಿಯ ಮುದ್ರೆ ಒತ್ತಲು ಎತ್ತಿದ ಕೈ ತಡೆದು, ದನಿ ತಗ್ಗಿಸಿ, ‘ಸರ, ನೀವು ನೌಕರ್ಯಾಗ ಇದ್ದೀರಿ. ಇನ್ನೊಮ್ಮೆ ವಿಚಾರ ಮಾಡ್ರಿ’ ಎಂದ.

‘ವಿಚಾರ ಮಾಡಾಕ ನನಗ ಮೂರು ವರ್ಷ ಹಿಡದಾವಪಾ’ ಎಂದೆ. ‘ಸಿಕ್ಕಾ ಹೊಡಿ.’