ಸವಿತಾಳ ಪಾಠಕ್ಕೆ ಬಾದಾಮಿಗೆ

ಇಳಕಲ್ ನಿಲ್ದಾಣದಿಂದ ಬೆಳಗಿನ ಬಸ್ಸು ಹೊರಟಾಗ ಸವಿತಾ ಚಾರ್ಟಿನ ಸುರುಳಿಯನ್ನು ಕೂಸಿನ ಹಾಗೆ ಅಪ್ಪಿಕೊಂಡು ಕುಳಿತಿದ್ದಳು. ನಾನು ಅಲ್ಲಿನ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವಳು ನಮ್ಮಲ್ಲಿ ಗಣಿತ ಕಲಿಸುವ ಹೊಸ ಶಿಕ್ಷಕಿ. ಬಾದಾಮಿಯ ಶಾಲೆಯೊಂದರಲ್ಲಿ, ಸುತ್ತಲಿನ ಊರುಗಳ ಶಿಕ್ಷಕರ ಎದುರು ಅವಳು ಮಾದರಿ ಪಾಠ ಮಾಡಬೇಕಿತ್ತು. ಅದು ಕೆಟ್ಟರೆ ಮುಂದಿನ ವರ್ಷ ಬೇರೆಯವರನ್ನು ನೋಡುತ್ತೇವೆ ಎಂದು ನಮ್ಮ ಆಡಳಿತ ಮಂಡಳಿ ಹೇಳಿತ್ತು. ಅವಳ ಪರವಾಗಿ ಮಾತು ಕೊಟ್ಟವಳು ನಾನೇ.

ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆಧಾರ್ ಕಾರ್ಡು ನೋಡಲು ಬಂದ ಕಂಡಕ್ಟರನ ಮೂಗಿಗೆ ಚಾರ್ಟು ತಾಗಿತು. "ಅಕ್ಕಾರ, ಬಂದೂಕ ಕೆಳಗ ಇಳಸ್ರಿ, ಮಂದಿ ಅಂಜತಾರ" ಎಂದ. ಬಸ್ಸೆಲ್ಲ ನಕ್ಕಿತು. ಸವಿತಾ ನಗಲಿಲ್ಲ.

ಅರ್ಧ ತಾಸಿಗೆ ಹುನಗುಂದ. ಅಲ್ಲಿ ಬಸ್ಸು ಬದಲಿಸುವ ನಡುವೆ ಬುತ್ತಿ ಬಿಚ್ಚಿದೆ: ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅವಳು ಒಂದು ತುತ್ತಿಗೇ ಕೈ ತೊಳೆದಳು.

"ಅಕ್ಕಾರ, ನೀವು ಹಿಂದಿನ ಬೆಂಚಿನ್ಯಾಗ ಕುಂದರ್ರಿ. ನಿಮ್ಮ ಮಾರಿ ನನಗ ಕಾಣಬೇಕು."

"ಕುಂದರ್ತೇನಿ ತಗೊ. ಮೊದಲ ಇದೊಂದು ರೊಟ್ಟಿ ಮುಗಸು."

ನಮ್ಮ ಶಾಲೆಯ ರೂಢಿಯೇ ಹಾಗೆ. ಹೊಸಬರ ತರಗತಿಯಲ್ಲಿ ನಾನು ಹಿಂದೆ ಕೂರುತ್ತೇನೆ. ಸರಿಯಿದ್ದರೆ ತಲೆಯಾಡಿಸುತ್ತೇನೆ, ತಪ್ಪಿದರೆ ಕನ್ನಡಕ ಸರಿಪಡಿಸಿಕೊಳ್ಳುತ್ತೇನೆ. ಮಕ್ಕಳ ಎದುರು ಶಿಕ್ಷಕರಿಗೆ ಮುಜುಗರವಾಗಬಾರದೆಂದು ಮಾಡಿಕೊಂಡ ಉಪಾಯ ಅದು.

ಅಮೀನಗಡ, ಗುಳೇದಗುಡ್ಡ ದಾಟಿ ಬಾದಾಮಿಯ ಕೆಂಪು ಬಂಡೆ ಕಾಣುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಮಂಗಗಳಿಗೆ ಹೆದರಿ ಬುತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದೆ.

ಪಾಠ ಭಿನ್ನರಾಶಿ. ಗೋಡೆಗುಂಟ ಶಿಕ್ಷಕರು, ಮಧ್ಯೆ ಮಕ್ಕಳು, ಹಿಂದಿನ ಬೆಂಚಿನಲ್ಲಿ ನಾನು. ಶುರು ಚೆನ್ನಾಗಿಯೇ ಆಯಿತು. ಆಮೇಲೆ ಒಬ್ಬ ಹುಡುಗಿ ಎದ್ದು, "ನಾಕನೇ ಒಂದು ಭಾಗಕ್ಕಿಂತ ಎಂಟನೇ ಒಂದು ಭಾಗ ದೊಡ್ಡದ್ರಿ. ನಾಕಕ್ಕಿಂತ ಎಂಟು ದೊಡ್ಡದಲ್ರಿ?" ಎಂದಳು.

ಸವಿತಾ ಹುಡುಗಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನನ್ನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಮಕ್ಕಳೂ ಹೊರಳಿ ನನ್ನನ್ನು ನೋಡಿದರು, ಶಿಕ್ಷಕರೂ ನೋಡಿದರು. ನಾನು ಅಲ್ಲಿ ಕೂತಿರುವ ತನಕ ಅವಳ ಕಣ್ಣು ಹುಡುಗಿಯ ಕಡೆ ಹೊರಳುವುದಿಲ್ಲ ಎನ್ನಿಸಿತು. ಎದ್ದು ಹೊರಗೆ ಹೋದೆ.

ಬೇವಿನ ಮರದ ಕೆಳಗೆ ನಿಂತೆ. ಒಳಗೆ ಸದ್ದಿಲ್ಲ. ಅವಳನ್ನು ನಡುನೀರಿನಲ್ಲಿ ಬಿಟ್ಟು ಬಂದೆನೇನೋ ಎಂಬ ಅಳುಕು. ಬಾಗಿಲ ತನಕ ಹೋಗುವುದು, ತಿರುಗಿ ಬರುವುದು. ಕಡೆಗೆ ಕಿಟಕಿಯಿಂದ ಅವಳ ದನಿ ಬಂತು:

"ನೀ ಎಂಟು ಮಂದ್ಯಾಗ ಹಂಚಿದ ರೊಟ್ಟಿ ತಿನ್ನು, ನಾ ನಾಕು ಮಂದ್ಯಾಗ ಹಂಚಿದ್ದು ತಿಂತೇನಿ. ಆತೇನು?"

"ಬ್ಯಾಡ್ರಿ ಅಕ್ಕಾರ! ನಾ ಉಪಾಸ ಸಾಯ್ತೇನಿ!"

ಇಡೀ ತರಗತಿ ನಕ್ಕಿತು. ನಾನು ಮರಕ್ಕೆ ಒರಗಿದೆ.

ಗಂಟೆ ಹೊಡೆದ ಮೇಲೆ, ಪಾಠ ನೋಡಲು ಬಂದಿದ್ದ ಹಿರಿಯ ಮಾಸ್ತರರು ನಮ್ಮಿಬ್ಬರ ಬಳಿಗೆ ಬಂದು, "ಭಾಳ ಚೊಲೊ ಆತ್ರಿ. ನಿಮ್ಮ ಮಂಡಳಿಗೆ ನಾನ ಹೇಳ್ತೇನಿ. ಮುಂದಿನ ಸಲ ಬಾಗಲಕೋಟ್ಯಾಗ ಇವರ ಕಡಿಂದನ ಪಾಠ ಮಾಡಸೂಣು" ಎಂದರು.

ಮರಳುವ ಬಸ್ಸಿನಲ್ಲಿ ಸವಿತಾ ಉಳಿದ ಬುತ್ತಿಯನ್ನೆಲ್ಲ ಮುಂದಿಟ್ಟುಕೊಂಡಳು.

"ಪಾಠದ ನಡುವ ಎದ್ದು ಎಲ್ಲಿ ಹೋಗಿದ್ರಿ?"

"ನೀರು ಕುಡಿಯಾಕ."

"ಬಾಟ್ಲಿ ನನ್ನ ಬ್ಯಾಗಿನ್ಯಾಗಿತ್ತಲ್ರಿ."

ನಾನು ಕಿಟಕಿಯಾಚೆ ನೋಡಿದೆ. ಕೆಂಪು ಬಂಡೆಗಳು ಹಿಂದೆ ಸರಿಯುತ್ತಿದ್ದವು. "ಬಾಗಲಕೋಟಿಗೂ ನಾ ಬರಲೇನು?" ಎಂದೆ.

ಅವಳು ಬೆರಳಿಗೆ ಅಂಟಿದ ಹಿಂಡಿ ನೆಕ್ಕುತ್ತ ಹೇಳಿದಳು: "ಬರ್ರಿ ಅಕ್ಕಾರ. ರೊಟ್ಟೀನೂ ತರ್ರಿ. ಆದ್ರ ಹೊರಗ ಕುಂದರ್ರಿ."