ನನ್ನ ಹೆಂಡತಿ ನೋಡಿದ ಹನ್ನೊಂದು ಆನೆ

ಬಹುಮಾನ ಬಂದದ್ದು ನನ್ನ ಹೆಂಡತಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಹೇಳಿಕೊಳ್ಳಲು ನನಗೆ ಕಷ್ಟವಾಗಿತ್ತು. ಕುಡುಮಲಕುಂಟೆಯ ಒಂದು ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳು ಕೆಲಸಕ್ಕಿದ್ದಳು. ಮೂರು ವರ್ಷ ಒಂದು ದಿನವೂ ತಪ್ಪಿಸದೆ ಬಂದವರಿಗೆಂದು ಆ ಸಲ ಬಹುಮಾನ ಇಟ್ಟಿದ್ದರು. ಕೊಡಗಿನ ಕಾಫಿ ತೋಟದೊಳಗಿನ ಒಂದು ಚಿಕ್ಕ, ಚೊಕ್ಕ ಲಾಡ್ಜಿನಲ್ಲಿ ಎರಡು ರಾತ್ರಿ, ಮೂರನೆಯ ದಿನ ಬೆಳಿಗ್ಗೆ ಕಾಡಿನಲ್ಲಿ ಸಫಾರಿ. ಕಾಗದದಲ್ಲಿ ಅವಳ ಹೆಸರು ದಪ್ಪ ಅಕ್ಷರದಲ್ಲಿತ್ತು. ನಾನು ‘ಮತ್ತು ಸಂಗಾತಿ’ ಎಂಬ ಎರಡು ಪದದೊಳಗೆ ಅಡಗಿದ್ದೆ. ಗೌರಿಬಿದನೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಹದಿನೈದು ವರ್ಷ ಕನ್ನಡ ಪಾಠ ಮಾಡಿದ ಮೇಷ್ಟ್ರಿಗೆ ಇದು ಸುಲಭವಾಗಿ ಗಂಟಲಿಳಿಯುವ ತುತ್ತಲ್ಲ. ಎರಡು ದಿನ ಬಿಗುಮಾನ ಮಾಡಿದೆ. ಮೂರನೇ ದಿನ ಅವಳು ಮುದ್ದೆ ತಿರುವುತ್ತಾ, ತಲೆಯೆತ್ತದೆ ಕೇಳಿದಳು.

“ನೀವು ಬರ್ತೀರೋ, ನಮ್ಮಕ್ಕನ್ನ ಕರ್ಕೊಂಡು ಹೋಗ್ಲೋ?”

ಬರ್ತೀನಿ ಅಂದೆ.

ಆ ಕಾಗದದಲ್ಲಿ ಅವಳಿಗೆ ಬೇಕಾಗಿದ್ದದ್ದು ಲಾಡ್ಜೂ ಅಲ್ಲ, ಕಾಫಿಯೂ ಅಲ್ಲ, ಆನೆ. ಅವಳ ತವರು ಮುರುಗಮಲ್ಲದ ಹತ್ತಿರದ ಒಂದು ಹಳ್ಳಿ. ಅವಳಿಗೆ ಏಳು ವರ್ಷವಾಗಿದ್ದಾಗ ಯಾವುದೋ ಮಠದ ಆನೆ ಅವರ ಊರಿನ ಮೇಲೆ ಹಾದುಹೋಯಿತಂತೆ. ಊರಿಗೆ ಊರೇ ಅದರ ಹಿಂದೆ ಓಡಿತು. ಇವಳಿಗೆ ಮೈತುಂಬ ಅಮ್ಮ ಆಗಿ, ಒಳಗಿನ ಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರು. ಗಂಟೆಯ ಸದ್ದು ಬೀದಿಯ ಈ ತುದಿಯಿಂದ ಆ ತುದಿಗೆ ಹೋದದ್ದಷ್ಟೇ ಅವಳಿಗೆ ಕೇಳಿಸಿತು. ಸಂಜೆ ಅಕ್ಕ ಬಂದು, ಬಾಗಿಲಲ್ಲೇ ನಿಂತು, ತೋಳನ್ನು ಮೂಗಿಗೆ ಹಚ್ಚಿ ಸೊಂಡಿಲು ಮಾಡಿ ತೋರಿಸಿದಳಂತೆ. “ಊರೋರೆಲ್ಲಾ ನೋಡಿದ್ರು, ನಾನೊಬ್ಳೇ ಮಲಗಿದ್ದೆ” ಎಂಬ ಈ ದೂರನ್ನು ನಾನು ಮದುವೆಯಾದ ಹೊಸದರಿಂದಲೂ ಕೇಳಿದ್ದೇನೆ. ಒಮ್ಮೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಭಿಕ್ಷೆಗೆ ಕರೆತಂದ ಆನೆಯೊಂದನ್ನು ತೋರಿಸಿ, “ನೋಡ್ಕೊಳ್ಳಮ್ಮ, ನಿನ್ನ ಆಸೆ ತೀರ್ತು” ಅಂದಿದ್ದೆ. ಅವಳು ಒಂದು ಸಲ ನೋಡಿ ಮುಖ ತಿರುಗಿಸಿದಳು. “ಕಾಲಲ್ಲಿ ಸರಪಣಿ ಐತೆ. ಇದನ್ನ ನೋಡಿದ್ರೆ ನೋಡ್ದಂಗಲ್ಲ” ಅಂದಳು.

ಸಂಕ್ರಾಂತಿ ಕಳೆದ ವಾರ ಹೊರಟೆವು. ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟೆವು. ಬಸ್ಸು ಹತ್ತುವಾಗ ನೋಡಿದರೆ, ಒಂದು ಚೀಲ ನಾನು ಕಟ್ಟಿದ್ದಲ್ಲ. ಮುಟ್ಟಿದೆ, ಅವರೆಕಾಯಿ. ಸೊಗಡಿನ ಅವರೆಕಾಯಿ, ಏನಿಲ್ಲವೆಂದರೂ ಆರು ಕೆಜಿ.

“ಇದು ಯಾರಿಗೆ?”

“ಅವ್ರಿಗೆ. ಎರಡು ದಿನ ಅವ್ರ ಮನೇಲಿ ಇದ್ದು, ಉಂಡು ಬರೋದು. ಬರೀ ಕೈಲಿ ಹೋಗಕ್ಕಾಗುತ್ತಾ?”

“ಅದು ಮನೆ ಅಲ್ಲ ಕಣೇ, ಲಾಡ್ಜು. ದುಡ್ಡು ಕಟ್ಟಿರ್ತಾರೆ.”

“ಕಟ್ಟಿರೋದು ಕಂಪ್ನಿಯವ್ರು. ನಾವೇನು ಕೊಟ್ವಿ?”

ಇದಕ್ಕೆ ವ್ಯಾಕರಣದಲ್ಲಿ ಉತ್ತರವಿಲ್ಲ. ಬೆಂಗಳೂರು, ಮೈಸೂರು, ಗೋಣಿಕೊಪ್ಪ, ಮೂರು ಬಸ್ಸಿನಲ್ಲೂ ಆ ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ನಾನು ಗೊಣಗಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಲಾಡ್ಜು ಎಂದರೆ ಹಳೆಯ ಹೆಂಚಿನ ಬಂಗಲೆ, ಐದೇ ಕೋಣೆ. ಮುಂದೆ ಕಾಫಿ ಒಣಗಿಸುವ ದೊಡ್ಡ ಕಣ, ಸುತ್ತ ತೋಟ, ಮರಮರಕ್ಕೂ ಮೆಣಸಿನ ಬಳ್ಳಿ. ತೋಟದ ಯಜಮಾನತಿ ಅರವತ್ತು ದಾಟಿದ ಕೊಡವ ಹೆಂಗಸು. ಬಾಗಿಲಲ್ಲೇ ನಿಂತು ನಮಗೆ ಕೈಮುಗಿದು, ತಂಪು ಪಾನೀಯದ ಗಾಜಿನ ಲೋಟ ಚಾಚಿದರು. ನನ್ನ ಹೆಂಡತಿ ಅದನ್ನು ತೆಗೆದುಕೊಳ್ಳುವ ಮೊದಲು ಚೀಲವನ್ನು ಅವರ ಕೈಗೆ ಕೊಟ್ಟಳು. ನಾನು ನೆಲ ನೋಡುತ್ತಾ ನಿಂತೆ. ಆಕೆ ಚೀಲದ ಬಾಯಿ ಬಿಚ್ಚಿ ಮೂಸಿ, “ಇದರ ಹೆಸರು ಕೇಳಿದ್ದೇನೆ, ಮಾಡಲು ಬರುವುದಿಲ್ಲ. ನೀವೇ ಹೇಳಿಕೊಡಬೇಕು” ಅಂದರು. ಅಲ್ಲಿಗೆ ನಾವು ಲಾಡ್ಜಿನ ಗಿರಾಕಿಗಳಾಗಿ ಉಳಿಯಲಿಲ್ಲ, ನೆಂಟರಾದೆವು. ಗೆದ್ದ ನಗೆಯೊಂದನ್ನು ಅವಳು ನನ್ನ ಕಡೆ ಎಸೆದಳು.

ಕೋಣೆಯಲ್ಲಿ ಮಂಚ ನಮ್ಮ ಅಡುಗೆಮನೆಯಷ್ಟು ಅಗಲವಿತ್ತು. ಮೇಲೆ ಎಂಟು ದಿಂಬು. “ಇಷ್ಟು ದಿಂಬು ಯಾಕ್ರೀ, ಬಾಣಂತಿಗಾ?” ಎಂದು ಆರನ್ನು ತೆಗೆದು ಕುರ್ಚಿಯ ಮೇಲೆ ಒಪ್ಪವಾಗಿ ಜೋಡಿಸಿದಳು. ಸ್ನಾನಕ್ಕೆ ತಾಮ್ರದ ತೊಟ್ಟಿ, ಸೋಪಿನ ಪಕ್ಕ ಒಂದು ಹೂವು. ಮೊದಲ ರಾತ್ರಿ ಅವಳಿಗೆ ಹೊಸ ಜಾಗದಲ್ಲಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಕೆಲಸದವರು ಬರುವ ಹೊತ್ತಿಗೆ ಹಾಸಿಗೆಯ ಬಟ್ಟೆ ಮಡಿಸಿ, ಕೋಣೆ ಗುಡಿಸಲು ಪೊರಕೆ ಹುಡುಕುತ್ತಿದ್ದಳು. ನನಗೆ ಸಿಟ್ಟು ಬಂತು. “ಒಂದು ದಿನ ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಂಗೆ?” ಅಂದೆ. “ಕೂತಿದ್ದೀನಲ್ಲ” ಅಂದಳು, ನಿಂತುಕೊಂಡೇ.

ಕೂರಲಿಲ್ಲ. ತಿಂಡಿಯಾದ ಮೇಲೆ ಹಣ್ಣು ಕೊಯ್ಯುವ ಹೆಂಗಸರ ಜೊತೆ ತೋಟಕ್ಕೆ ಇಳಿದಳು. ಪ್ಯಾಕಿಂಗಿನಲ್ಲಿ ಪಳಗಿದ ಬೆರಳು, ಕೆಂಪು ಹಣ್ಣನ್ನಷ್ಟೇ ಆರಿಸಿ, ಕಾಯಿಯನ್ನು ಮುಟ್ಟದೆ, ಸೊಂಟಕ್ಕೆ ಕಟ್ಟಿದ ಚೀಲ ತುಂಬಿಸುತ್ತಿದ್ದಳು. ನಾನೂ ಹತ್ತು ನಿಮಿಷ ಕೊಯ್ದೆ. ನನ್ನ ಪಾಲಿಗೆ ಹಸಿರು ಕಾಯಿ, ಎಲೆ, ಒಂದು ಕೆಂಜಿಗ ಬಂದವು. ಮರದ ನೆರಳಲ್ಲಿ ಕೂತು ಅವಳನ್ನು ನೋಡಿದೆ. ಬಿಸ್ಕತ್ತಿನ ವಾಸನೆಯಿಲ್ಲದ ನನ್ನ ಹೆಂಡತಿಯನ್ನು ನೋಡಿ ಮೂರು ವರ್ಷವಾಗಿತ್ತು. ಅಲ್ಲಿನ ಹೆಂಗಸರು ಏನೋ ಅಂದರು, ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಚೆನ್ನಾಗಿದ್ದಳು, ಬಹಳ ಚೆನ್ನಾಗಿದ್ದಳು. ಹೇಳಬೇಕೆನ್ನಿಸಿತು, ಹೇಳಲಿಲ್ಲ. ಮೇಷ್ಟ್ರ ಬಾಯಿ ತರಗತಿಯಲ್ಲಿ ಮಾತ್ರ ತೆರೆಯುವುದು.

ಸಂಜೆ ಅವಳೂ ಯಜಮಾನತಿಯೂ ಕೂತು ಅವರೆಕಾಯಿ ಸುಲಿದು, ಕಾಳನ್ನು ನೀರಿಗೆ ಹಾಕಿದರು. ಬೆಳಿಗ್ಗೆ ಸಫಾರಿಯಿಂದ ಬಂದ ಮೇಲೆ ಸಿಪ್ಪೆ ಹಿತುಕಿ ಸಾರು ಮಾಡುವುದು, ಉಂಡು ಮಧ್ಯಾಹ್ನ ನಾವು ಹೊರಡುವುದು ಎಂದು ಮಾತಾಯಿತು. ಜೀಪು ಐದೂವರೆಗೆ ಹೊರಡುತ್ತದೆ, ಕಾಡಿನ ಗೇಟಿನಲ್ಲಿ ತಡವಾದರೆ ಬಿಡುವುದಿಲ್ಲ ಎಂದು ಡ್ರೈವರ್ ಎರಡೆರಡು ಸಲ ಹೇಳಿದ. ನಾನು ಮೊಬೈಲಿನಲ್ಲಿ ಐದಕ್ಕೆ ಅಲಾರಂ ಇಟ್ಟೆ. ಅವಳಿಗೆ ನಗು. ಬೆಳಗಿನ ಪಾಳಿಯ ಬಸ್ಸಿಗಾಗಿ ದಿನವೂ ನಾಲ್ಕಕ್ಕೆ ಏಳುವವಳು, ಒಮ್ಮೆಯೂ ಅಲಾರಂ ಇಟ್ಟವಳಲ್ಲ.

“ಅದು ನಿಮಗೆ ಇಟ್ಕೊಳ್ಳಿ. ನಾನೇ ಎಬ್ಬಿಸ್ತೀನಿ” ಅಂದಳು.

ಅಲಾರಂ ಬಡಿದುಕೊಂಡಾಗ ಪಕ್ಕದಲ್ಲಿ ಅವಳು ಇದ್ದಳು. ಒಂದು ಕ್ಷಣ ನನಗೆ ಗಾಬರಿಯಾಯಿತು. ದೀಪ ಹಾಕಿದೆ. ಅಂಗೈ ಕೆನ್ನೆಯಡಿಗೆ ಇಟ್ಟು, ಬಾಯಿ ತುಸು ತೆರೆದು ಮಲಗಿದ್ದಳು, ಉಸಿರು ನಿಧಾನಕ್ಕೆ ಹೋಗಿಬರುತ್ತಿತ್ತು. ಬೆರಳ ತುದಿಗಳಲ್ಲಿ ಕಾಫಿ ಹಣ್ಣಿನ ಕರೆ ಹಾಗೇ ಇತ್ತು. ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಅವಳು ಮಲಗಿದ್ದನ್ನು ನೋಡಿರಲೇ ಇಲ್ಲ. ರಾತ್ರಿ ನಾನು ಮೊದಲು ಮಲಗುತ್ತಿದ್ದೆ, ಬೆಳಿಗ್ಗೆ ನಾನು ಏಳಕ್ಕೆ ಏಳುವ ಹೊತ್ತಿಗೆ ಅವಳು ಮೊದಲೆಲ್ಲ ಅಡುಗೆಮನೆಯಲ್ಲಿ, ಈ ಮೂರು ವರ್ಷ ಕಾರ್ಖಾನೆಯಲ್ಲಿರುತ್ತಿದ್ದಳು, ತಿಂಡಿ ತಟ್ಟೆ ಮುಚ್ಚಿಕೊಂಡು ಮೇಜಿನ ಮೇಲಿರುತ್ತಿತ್ತು. ಈ ಮುಖ ನನಗೆ ಹೊಸದು. ಭುಜದ ಮೇಲೆ ಕೈ ಇಟ್ಟೆ. ಅವಳಿಗೆ ಎಚ್ಚರವಾಗಲಿಲ್ಲ, ನನ್ನ ಕೈಯ ಕಡೆಗೇ ಹೊರಳಿ ಇನ್ನಷ್ಟು ಆಳಕ್ಕೆ ಇಳಿದಳು. ಕೈ ತೆಗೆದುಬಿಟ್ಟೆ.

ಆನೆಯ ವಿಷಯ ನೆನಪಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಹೊರಗೆ ಜೀಪು ಹಾರ್ನ್ ಮಾಡಿತು. ಅವಳ ಜೊತೆ ನಾನೂ ಮಲಗಬಹುದಿತ್ತು, ಅದಾದರೂ ನ್ಯಾಯ. ಎರಡು ಸೀಟೂ ಯಾಕೆ ದಂಡವಾಗಬೇಕು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೇನೆಂದರೆ ನನಗೂ ಕಾಡು ನೋಡುವ ಆಸೆಯಿತ್ತು. ಸ್ವೆಟರ್ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ಹೊರಗೆ ಬಂದೆ.

ಒಂದು ಗಂಟೆ ಏನೂ ಕಾಣಲಿಲ್ಲ, ನನಗೆ ಒಳಗೊಳಗೇ ಸಮಾಧಾನವಾಯಿತು. ಆಮೇಲೆ ಒಂದು ಕೆರೆಯ ತಿರುವಿನಲ್ಲಿ ಡ್ರೈವರ್ ಎಂಜಿನ್ ನಿಲ್ಲಿಸಿ ಬೆರಳು ತೋರಿಸಿದ. ಆನೆಗಳು. ಒಂದೊಂದಾಗಿ ಬಿದಿರಿನ ಮರೆಯಿಂದ ಬಂದವು, ಹನ್ನೊಂದು. ನೀರು ಕುಡಿದು ಏರಿ ಹತ್ತುವಾಗ ಕೊನೆಯ ಮರಿ ಕೆಸರಿನಲ್ಲಿ ಜಾರಿ ಕೆಳಗೆ ಬಂತು. ಮತ್ತೆ ಹತ್ತಿತು, ಮತ್ತೆ ಜಾರಿತು. ತಾಯಿ ಹಿಂತಿರುಗಿ ಬಂದು, ಸೊಂಡಿಲನ್ನು ಅದರ ಹೊಟ್ಟೆಯಡಿ ಕೊಟ್ಟು ಮೇಲಕ್ಕೆ ನೂಕಿತು. ಅಷ್ಟು ಹೊತ್ತೂ ಉಳಿದ ಆನೆಗಳು ಕಾದು ನಿಂತಿದ್ದವು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅಂಥ ಚಂದವನ್ನು ನಾನು ಹಿಂದೆಂದೂ ನೋಡಿರಲಿಲ್ಲ, ಆದರೂ ಯಾವಾಗ ಮುಗಿಯುತ್ತದೋ ಅನ್ನಿಸುತ್ತಿತ್ತು.

ಬರುವ ದಾರಿಯಲ್ಲಿ, “ಮನೆಯವರಿಗೆ ಹೇಳಬೇಡಪ್ಪ” ಎಂದು ಡ್ರೈವರಿಗೆ ಹೇಳಬೇಕೆಂದುಕೊಂಡೆ. ನಾಚಿಕೆಯಾಗಿ ಬಾಯಿ ಬರಲಿಲ್ಲ. ಅವನು ನನ್ನನ್ನು ಬಂಗಲೆಯ ಮುಂದೆ ಇಳಿಸಿ, ಜೀಪನ್ನು ಹಿತ್ತಲ ಕಡೆಗೆ ತೆಗೆದುಕೊಂಡು ಹೋದ. ನಾನು ಅಂಗಳದ ನಲ್ಲಿಯಲ್ಲಿ ಮುಖ ತೊಳೆದೆ, ಕೈ ತೊಳೆದೆ, ಕಾಲು ತೊಳೆದೆ. ಹೇಳಬೇಕಾದ ಮಾತು ತಯಾರಾಗುವ ತನಕ ತೊಳೆದೆ.

ಅವಳು ಅಡುಗೆಮನೆಯಲ್ಲಿ ಯಜಮಾನತಿಯ ಪಕ್ಕ ಕೂತು ಅವರೆಕಾಳು ಹಿತುಕುತ್ತಿದ್ದಳು. ಹಿಂಬಾಗಿಲ ಮೆಟ್ಟಿಲ ಮೇಲೆ ಯಾರೋ ಕಾಫಿ ಕುಡಿದಿಟ್ಟ ಖಾಲಿ ಲೋಟವಿತ್ತು.

“ಎಬ್ಬಿಸ್ಬೇಕಿತ್ತು ನೀವು” ಅಂದಳು. ದನಿಯಲ್ಲಿ ಜಗಳವಿರಲಿಲ್ಲ.

“ಮನಸ್ಸು ಬರ್ಲಿಲ್ಲ ಕಣೇ. ಹಂಗೆ ನಿದ್ದೆ ಮಾಡ್ತಿದ್ದೆ.”

ಎರಡು ಕಾಳು ಹಿತುಕಿದಳು. “ಏನ್ ಸಿಕ್ತು?”

“ಎರಡು ನವಿಲು, ಒಂದಷ್ಟು ಜಿಂಕೆ. ಚಳಿಗೆ ಹಲ್ಲು ಕಟಕಟ ಅಂದಿದ್ದೇ ಬಂತು.”

“ಆನೆ?”

“ಎಲ್ಲಿ ಆನೆ. ಲದ್ದಿ ನೋಡಿದ್ವಿ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವಳು ಕೇಳದ ಮಾತನ್ನೂ ನಾನು ಸೇರಿಸಿದೆ. “ಈ ಕಾಡಲ್ಲಿ ಈಗ ಆನೆನೇ ಕಮ್ಮಿಯಂತೆ. ಡ್ರೈವರ್ ಹೇಳಿದ.”

ಯಜಮಾನತಿ ಯಾಕೋ ಎದ್ದು ಒಲೆಯ ಕಡೆ ತಿರುಗಿಕೊಂಡರು. ನನ್ನ ಹೆಂಡತಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. “ಹೋಗ್ಲಿ ಬಿಡಿ. ನಾನಾದ್ರೂ ಕಣ್ತುಂಬ ನಿದ್ದೆ ಮಾಡ್ದೆ” ಅಂದು, ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಸಂಜೆಯ ಸಫಾರಿಗೆ ಸೀಟು ಸಿಗುತ್ತದೆಯೇ ಎಂದು ಯಜಮಾನತಿಯನ್ನು ಮರೆಯಲ್ಲಿ ಕೇಳಿದೆ. ಎರಡು ದಿನಕ್ಕೂ ತುಂಬಿಹೋಗಿತ್ತು. ಮರುದಿನ ಅವಳ ಪಾಳಿಯೂ ಇತ್ತು. ಸಾರು ಘಮ್ಮೆನ್ನುತ್ತಿತ್ತು, ನಾನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಹೊರಡುವಾಗ ನಮ್ಮ ಅವರೆಕಾಯಿ ಚೀಲದಲ್ಲಿ ಕಾಫಿಪುಡಿ, ಮೆಣಸು ತುಂಬಿ ಕೊಟ್ಟರು. ಮೈಸೂರು ದಾಟಿದ ಮೇಲೆ ಅವಳು ನನ್ನ ಭುಜಕ್ಕೆ ಒರಗಿ, “ಪಾಪ, ಅಷ್ಟು ಚಳೀಲಿ ಹೋಗಿ ನಿಮಗೂ ಏನೂ ಸಿಗ್ಲಿಲ್ಲ” ಅಂದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಒಂದು ತಿಂಗಳು ಆ ಸುಳ್ಳನ್ನು ಹೊತ್ತುಕೊಂಡೇ ತಿರುಗಿದೆ. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಬೇವಿನ ಸೊಪ್ಪಿನ ಮೇಲೆ ಮಲಗಿದ ಏಳು ವರ್ಷದ ಹುಡುಗಿ ಕಣ್ಣಮುಂದೆ ಬರುತ್ತಿದ್ದಳು. ಎರಡನೆಯ ಸಲವೂ ಅವಳು ಮಲಗಿದ್ದಾಗಲೇ ಆನೆ ಬಂದು ಹೋದವು, ಈ ಸಲ ಬಾಗಿಲು ಹಾಕಿಕೊಂಡು ಹೋದವನು ನಾನು.

ಒಂದು ಭಾನುವಾರ ಮಧ್ಯಾಹ್ನ ಅವಳ ಜೊತೆ ಪ್ಯಾಕಿಂಗಿನಲ್ಲಿರುವ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ನಾನು ಒಳಗಿನ ಕೋಣೆಯಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಅಡುಗೆಮನೆಯ ಮಾತು ಕೇಳಿಸುತ್ತಿತ್ತು.

“ಅಲ್ಲಕ್ಕಾ, ಹೋಗಿ ಬಂದು ಇಷ್ಟು ದಿನ ಆಯ್ತು, ಆನೆ ವಿಷ್ಯ ಸರಿಯಾಗಿ ಹೇಳ್ಲೇ ಇಲ್ಲ. ನೋಡಿದ್ರೋ ಇಲ್ವೋ?”

ನನ್ನ ಪೆನ್ನು ನಿಂತಿತು. ಗಂಡ ಹೆಂಡತಿಯನ್ನು ಮಲಗಿಸಿ ತಾನೊಬ್ಬನೇ ಹೋಗಿದ್ದ ಎಂಬ ಸುದ್ದಿ ಸೋಮವಾರದ ಹೊತ್ತಿಗೆ ಇಡೀ ಪ್ಯಾಕಿಂಗ್ ವಿಭಾಗಕ್ಕೆ ಗೊತ್ತಾಗುವುದಿತ್ತು.

“ನೋಡ್ದೇ ಏನು? ಹನ್ನೊಂದು” ಅಂದಳು ನನ್ನ ಹೆಂಡತಿ. “ಕೆರೆ ಹತ್ರ. ನೀರು ಕುಡ್ದು ಮೇಲಕ್ಕೆ ಹತ್ತುವಾಗ ಒಂದು ಮರಿ ಜಾರಿಬಿಡ್ತು. ಎರಡು ಸಲ. ತಾಯಿ ವಾಪಸ್ ಬಂದು ಸೊಂಡಿಲಲ್ಲಿ ಹಿಂಗೆ ಹೊಟ್ಟೆ ಕೆಳಗೆ ಕೊಟ್ಟು ನೂಕ್ತು. ಮಿಕ್ಕಿದ್ದೆಲ್ಲಾ ಕಾಯ್ಕೊಂಡು ನಿಂತಿದ್ವು.”

“ಹೆದ್ರಿಕೆ ಆಗ್ಲಿಲ್ವಾ?”

“ಇವ್ರು ನನ್ನ ಕೈ ಹಿಡ್ಕೊಂಡಿದ್ರಲ್ಲ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹದಿನೈದು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಹನ್ನೊಂದು ಆನೆ ಕೊಟ್ಟು ಅವಳು ನನ್ನ ಮಾನವನ್ನು ವಾಪಸು ತಂದಿಟ್ಟಿದ್ದಳು. ಪೇಪರಿನ ಅಕ್ಷರಗಳು ಮಂಜಾದವು. ಕನ್ನಡಕ ತೆಗೆದು ಒರೆಸಿದೆ, ಮಂಜು ಕನ್ನಡಕದ್ದಾಗಿರಲಿಲ್ಲ.

ಗೆಳತಿ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಅವಳು ಒಲೆಯ ಮೇಲೆ ಕಾಫಿಗೆ ಇಟ್ಟಿದ್ದಳು, ಆ ತೋಟದ ಪುಡಿಯೇ. ನನ್ನ ಕಡೆ ತಿರುಗಲಿಲ್ಲ.

“ಆ ಮರಿ ಜಾರಿದಾಗ ಕೂಗ್ತೇನ್ರೀ?” ಅಂದಳು. “ಅದೊಂದು ಡ್ರೈವರ್ ಹೇಳ್ಲಿಲ್ಲ.”

ನಾನು ಒಳಗೆ ಒಂದು ಹೆಜ್ಜೆ ಇಟ್ಟೆ.

“ಇಲ್ಲ ಕಣೇ. ಮರಿ ಕೂಗ್ಲಿಲ್ಲ. ತಾಯಿ ಕೂಗ್ತು.”

ಅವಳು ಒಲೆಯ ಉರಿ ಸಣ್ಣ ಮಾಡಿದಳು. ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕೂತು, ಪಕ್ಕದಲ್ಲಿ ನನಗೆ ಜಾಗ ಬಿಟ್ಟಳು.

“ಮೊದ್ಲಿಂದ ಹೇಳಿ” ಅಂದಳು.