ನನ್ನ ಪಾಲಿನ ನಲವತ್ತೊಂದು

ಸಂಭವನೀಯತೆ ನನ್ನ ಹೊಟ್ಟೆಪಾಡು. ಜರ್ಮನಿಯ ರೇಗನ್ಸ್‌ಬರ್ಗಿನ ಚಿಪ್ ಕಾರ್ಖಾನೆಯಲ್ಲಿ ಸಾವಿರಕ್ಕೆ ಎಷ್ಟು ಚಿಪ್‌ಗಳು ಕೆಡುತ್ತವೆ, ಮುಂದೆ ಎಷ್ಟು ಕೆಡಬಹುದು ಎಂದು ಲೆಕ್ಕ ಹಾಕಿ ಹೇಳುವವಳು ನಾನು. ಹೇಳಿದ್ದು ಸಾಮಾನ್ಯವಾಗಿ ಸರಿಯಾಗಿರುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ನನ್ನದಲ್ಲ. ಬ್ಲೂ ಕಾರ್ಡ್ ಎನ್ನುವ ಕೆಲಸದ ವೀಸಾ ಮೇಲೆ ಬಂದು, ಪ್ರೋಬೆತ್ಸೈಟ್ ಎನ್ನುವ ಪರೀಕ್ಷೆಯ ಅವಧಿ ದಾಟಿ, ಇನ್ನು ನನ್ನನ್ನು ಯಾರೂ ಸುಲಭಕ್ಕೆ ಕಳಿಸಲಾರರು ಎಂಬ ಧೈರ್ಯ ಬಂದಿದ್ದ ದಿನಗಳವು. ಅಂಥವಳನ್ನು ಸಹೋದ್ಯೋಗಿಗಳು ಲಾಟರಿ ಆಡಲು ಕರೆದರು.

ನಮ್ಮ ವಿಭಾಗದಲ್ಲಿ ಒಂದು ಆಟದ ಕೂಟವಿತ್ತು. ಆರು ಜನ, ಆರು ಸಂಖ್ಯೆ, ಒಂದೇ ಸಾಲು. ಒಬ್ಬೊಬ್ಬರದು ಒಂದೊಂದು ಸಂಖ್ಯೆ. ಅದನ್ನು ಬದಲಿಸದೆ ಎಷ್ಟೋ ವರ್ಷಗಳಿಂದ ಪ್ರತಿ ಶನಿವಾರ ಆಡಿಕೊಂಡು ಬಂದಿದ್ದರು. ಒಬ್ಬರು ನಿವೃತ್ತರಾದರು, ಅವರ ಜಾಗ ಖಾಲಿಯಾಯಿತು. ಅಲ್ಲಿಯವರೆಗೆ ಊಟದ ಮೇಜಿನಲ್ಲಿ ನನ್ನೊಡನೆ ಹವಾಮಾನದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಆವತ್ತು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ನೇರ ಮಾತಿನ ಹೆಂಗಸು, ಕಾಫಿ ಕಲಕುತ್ತಾ ಕೇಳಿದಳು: "ನಿನ್ನ ಸಂಖ್ಯೆ ಯಾವುದು?"

ಯೋಚಿಸದೆ ಬಾಯಿಗೆ ಬಂದದ್ದು, "ಐವತ್ತೊಂದು."

ನಮ್ಮ ಹುಬ್ಬಳ್ಳಿ ಕಡೆ ಮದುವೆಯ ಮುಯ್ಯಿಯಿಂದ ಹಿಡಿದು ಗುಡಿಯ ದೇಣಿಗೆಯವರೆಗೆ ಯಾವುದನ್ನೂ ದುಂಡು ಸಂಖ್ಯೆಯಲ್ಲಿ ಕೊಡುವುದಿಲ್ಲ. ಐವತ್ತಕ್ಕೆ ಒಂದು, ನೂರಕ್ಕೆ ಒಂದು, ಮೇಲೆ ಇಟ್ಟರೇ ಶುಭ. ಮೇಜಿನ ಸುತ್ತ ಐದೂ ಜನ ಬಿದ್ದು ಬಿದ್ದು ನಕ್ಕರು. ಲೊಟ್ಟೊ ಎನ್ನುವ ಇಲ್ಲಿನ ಲಾಟರಿಯಲ್ಲಿ ಇರುವುದೇ ನಲವತ್ತೊಂಬತ್ತು ಚೆಂಡು. ಸಂಭವನೀಯತೆಯ ಪಂಡಿತೆ ಇಲ್ಲದ ಚೆಂಡಿನ ಮೇಲೆ ಕೈ ಇಟ್ಟಿದ್ದಳು!

ನಾನೇನು ಸೋಲುವವಳಲ್ಲ. "ಹಾಗಾದರೆ ನಲವತ್ತೊಂದು" ಎಂದೆ, ಜೊತೆಗೆ ಒಂದು ಪಾಠವನ್ನೂ ಕೊಟ್ಟೆ. ನಿಮ್ಮ ಐದೂ ಸಂಖ್ಯೆ ಯಾರ್ಯಾರದೋ ಹುಟ್ಟಿದ ತಾರೀಖು, ಎಲ್ಲವೂ ಮೂವತ್ತೊಂದರ ಒಳಗೆ. ಈ ದೇಶದಲ್ಲಿ ಬಹಳ ಜನ ಹಾಗೇ ಆಡುತ್ತಾರೆ. ಬಹುಮಾನ ಬಂದರೆ ಗೆದ್ದವರೆಲ್ಲ ಹಂಚಿಕೊಳ್ಳಬೇಕು, ನೀವು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಚೆಂಡಿಗೆ ಮಾತ್ರ ಇದಾವುದೂ ಗೊತ್ತಿಲ್ಲ, ನಲವತ್ತೊಂದು ಬರುವ ಸಾಧ್ಯತೆಯೂ ಏಳು ಬರುವ ಸಾಧ್ಯತೆಯೂ ಒಂದೇ. ಆದರೆ ದೊಡ್ಡ ಸಂಖ್ಯೆ ಇದ್ದರೆ ಪಾಲುದಾರರು ಕಡಿಮೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಲವತ್ತೊಂಬತ್ತರಲ್ಲಿ ಆರನ್ನು ಆರಿಸಲು ಹತ್ತಿರ ಹತ್ತಿರ ಒಂದು ಕೋಟಿ ನಲವತ್ತು ಲಕ್ಷ ದಾರಿಗಳಿವೆ. ಆರೂ ಕೂಡಿದರೂ ದೊಡ್ಡ ಬಹುಮಾನ ಸಿಗುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಇನ್ನೊಂದು ಅಂಕಿ, ಸೂಪರ್‌ತ್ಸಾಲ್ ಎನ್ನುವುದು, ನಮ್ಮ ಚೀಟಿಯ ಕ್ರಮಸಂಖ್ಯೆಯ ಕೊನೆಯ ಅಂಕಿಗೆ ಹೊಂದಬೇಕು. ಒಟ್ಟು ಹದಿನಾಲ್ಕು ಕೋಟಿಗೆ ಒಂದು. ಎಲ್ಲರೂ ತಾಳ್ಮೆಯಿಂದ ಕೇಳಿಸಿಕೊಂಡರು. ಎಲ್ಲರೂ ಎಂಜಿನಿಯರುಗಳು, ಎಲ್ಲರಿಗೂ ಮೊದಲೇ ಗೊತ್ತಿತ್ತು. "ಆದರೂ ಶನಿವಾರದ ಸಂಜೆ ಚೆನ್ನಾಗಿರುತ್ತದೆ" ಎಂದು ಆ ಹಿರಿಯಳು ನಲವತ್ತೊಂದಕ್ಕೆ ಗುರುತು ಹಾಕಿದಳು. ಮರುದಿನದಿಂದ ಊಟದ ಮೇಜಿನಲ್ಲಿ ನನ್ನನ್ನು ಛೇಡಿಸತೊಡಗಿದರು. ನನಗೆ ಬೇಕಾಗಿದ್ದದ್ದೂ ಅದೇ.

ಆ ಬೇಸಿಗೆಯಲ್ಲಿ ಅವ್ವ ಬಂದಳು. ಪೆಟ್ಟಿಗೆ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಮಾಡಿ ಮಾರಿಯೇ ನನ್ನನ್ನು ಎಂಜಿನಿಯರಿಂಗ್ ಓದಿಸಿದವಳು ಅವಳು. ಬಂದ ವಾರವೇ, ಊಟಕ್ಕೆ ಕೂತಾಗ, ಆಫೀಸಿನವರು ನನ್ನನ್ನು ಆಟಕ್ಕೆ ಸೇರಿಸಿಕೊಂಡ ಕಥೆಯನ್ನು ಜಂಭದಿಂದ ಹೇಳಿದೆ. ಐವತ್ತೊಂದರ ಕಥೆಗೆ ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಲಾಟರಿ ಏನು?"

ಅಪ್ಪ ಈಗಿಲ್ಲ. ಇದ್ದಾಗ ಒಂದಂಕಿ ಲಾಟರಿಯ ಹುಚ್ಚು ಹಿಡಿಸಿಕೊಂಡಿದ್ದರು. ನವನಗರದಲ್ಲಿ ಕೊಂಡಿದ್ದ ಸೈಟು ಅದರಲ್ಲೇ ಹೋಯಿತು. ಸರ್ಕಾರ ಲಾಟರಿ ನಿಲ್ಲಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅದೂ ಇದೂ ಒಂದೇ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

"ಅವ್ವ, ಅದು ಬ್ಯಾರೆ, ಇದು ಬ್ಯಾರೆ. ಇದು ಬರೂದಿಲ್ಲ ಅಂತ ಗೊತ್ತಿದ್ದ ಆಡೂದು" ಎಂದು ಅವಳಿಗೂ ಪಾಠ ಶುರು ಮಾಡಿದೆ. "ಇಡೀ ಕರ್ನಾಟಕದ ಮಂದಿನ್ನ ಒಂದ ಬಯಲಾಗ ನಿಲ್ಲಿಸು. ಅಷ್ಟ ಮಂದಿನ್ನ ಇನ್ನೊಮ್ಮೆ ತಂದು ನಿಲ್ಲಿಸು. ಕಣ್ಣು ಕಟ್ಟಿಕೊಂಡು ಹೋಗಿ ಒಬ್ಬಾಕೀನ್ನ ಮುಟ್ಟಬೇಕು, ಆಕಿ ನೀನ ಆಗಿರಬೇಕು. ಅಷ್ಟು ಕಷ್ಟ."

"ಅಂದ್ರ ಸೋಲೂದು ಖರೆ ಅಂದಂಗಾತು."

"ಹೌದು. ಒಂದು ಕಾಫಿ ರೊಕ್ಕದಷ್ಟೂ ಇಲ್ಲ. ಹೆದರಬ್ಯಾಡ."

"ಸೋಲಿಗೆ ಯಾರು ಹೆದರ್ಯಾರ?" ಎಂದಳು ಅವ್ವ. "ನಿಮ್ಮಪ್ಪ ಸೋತಾಗೆಲ್ಲ ಬಿಟ್ಟಿದ್ದ. ಒಮ್ಮೆ ಬಂತು ನೋಡು, ಆಮ್ಯಾಲೆ ಬಿಡಲಿಲ್ಲ. ನಾ ಊರಿಗೆ ಹೋಗೂದ್ರಾಗ ಇದನ್ನ ಬಿಡು. ಇಲ್ಲಂದ್ರ ವಿಮಾನದಾಗ ಕೂತರೂ ನನ್ನ ಜೀವ ಇಲ್ಲೇ ಇರತೈತಿ."

ನನಗೆ ಸಿಟ್ಟೇ ಬಂತು. ನನ್ನ ಓದು, ಕೆಲಸ, ಲೆಕ್ಕ ಎಲ್ಲವನ್ನೂ ತಂದು ಅಪ್ಪನ ಪಕ್ಕ ಕೂರಿಸಿದಳಲ್ಲ! ಆಟ ಬಿಡುವುದೆಂದರೆ ಊಟದ ಮೇಜಿನ ನನ್ನ ಜಾಗ ಬಿಟ್ಟಂತೆ ಎಂದು ಅವಳಿಗೆ ಹೇಗೆ ಹೇಳುವುದು? "ನಾನು ಅಪ್ಪ ಅಲ್ಲ" ಎಂದು ತಟ್ಟೆ ಎತ್ತಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ಆದರೆ ಶನಿವಾರ ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಂಥದೊಂದು ಶನಿವಾರ ಸಂಜೆ ಅವಳು ಅನ್ನಕ್ಕಿಟ್ಟಿದ್ದಳು, ನಾನು ಫೋನಿನಲ್ಲಿ ಚೆಂಡುಗಳು ಉರುಳುವುದನ್ನು ನೋಡುತ್ತಿದ್ದೆ. ನಮ್ಮ ಸಂಖ್ಯೆ ಒಂದು ಬಂತು. ಇನ್ನೊಂದು ಬಂತು. ಕೊನೆಗೆ ನಲವತ್ತೊಂದು ಬಂತು! ಮೂರು ಕೂಡುವುದು ದೊಡ್ಡ ಮಾತಲ್ಲ. ಐವತ್ತೇಳು ಸಲ ಆಡಿದರೆ ಸರಾಸರಿ ಒಮ್ಮೆ ಆಗುವಂಥದ್ದು, ವಾರಕ್ಕೊಮ್ಮೆ ಆಡುವವರಿಗೆ ಹೆಚ್ಚುಕಡಿಮೆ ವರ್ಷಕ್ಕೊಂದು ಸಲ. ಬರುವ ದುಡ್ಡಿನಲ್ಲಿ ಆರು ಜನ ಕಾಫಿ ಕುಡಿದರೆ ಮುಗಿಯಿತು. ಇದನ್ನೆಲ್ಲ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೂ ಕುರ್ಚಿಯಿಂದ ಎದ್ದು ನಿಂತಿದ್ದೆ, ಹಾಳು ಖುಷಿ ಮೈತುಂಬ.

"ಅವ್ವ, ಮೂರು ಬಂದ್ವು! ಛೇ, ಇಷ್ಟು ಸಣ್ಣದಾಗಿ ಆಡಿದ್ದ ತಪ್ಪಾತು. ಇನ್ನೊಂದು ಸಾಲು ಹಾಕಬೇಕಿತ್ತು, ಬುಧವಾರನೂ ಆಡಬೇಕಿತ್ತು."

ಅವ್ವ ಒಲೆ ಸಣ್ಣ ಮಾಡಿದಳು. ಗದರಲಿಲ್ಲ. "ನಿಮ್ಮಪ್ಪನೂ ಮೊದಲನೇ ಸಲ ಬಂದಾಗ ಇದನ್ನ ಅಂದಿದ್ದ" ಎಂದಳು. "ಸಣ್ಣದಾಗಿ ಆಡಿದ್ದ ತಪ್ಪಾತು ಅಂತ. ಇದ ಮಾತು."

ಹದಿನಾಲ್ಕು ಕೋಟಿಯ ಲೆಕ್ಕ ಸರಿಯಾಗಿಯೇ ಇತ್ತು, ಈಗಲೂ ಸರಿಯಾಗಿದೆ. ಆದರೆ ಆ ಮಾತನ್ನು ಆಡಿದ್ದು ನನ್ನ ಲೆಕ್ಕ ಅಲ್ಲ, ಅದಕ್ಕಿಂತ ಹಳೆಯದೊಂದು ನನ್ನೊಳಗೆ ಕೂತಿತ್ತು. ನನಗೆ ಭಯವಾಯಿತು. ನನ್ನನ್ನು ಕಂಡು ನನಗೇ ಭಯವಾದದ್ದು ಅದೇ ಮೊದಲು.

ಸೋಮವಾರ ಊಟದ ಮೇಜಿನಲ್ಲಿ ಹೇಳಿಬಿಟ್ಟೆ: ನಾನು ಆಟ ಬಿಡುತ್ತೇನೆ, ನಮ್ಮ ಮನೆಯಲ್ಲಿ ಇದು ಒಗ್ಗುವುದಿಲ್ಲ, ಅಪ್ಪನಿಗೆ ಒಗ್ಗಿರಲಿಲ್ಲ. ಹವಾಮಾನದ ಮಾತಿಗೆ ಮರಳಲು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಹಿರಿಯಳು, "ಸರಿ. ನಿನ್ನ ನಲವತ್ತೊಂದನ್ನು ಏನು ಮಾಡೋಣ?" ಎಂದಳು.

"ಇಟ್ಟುಕೊಳ್ಳಿ. ಪಾಲುದಾರರು ಕಡಿಮೆ ಅಂತ ಹೇಳಿದ್ದೆನಲ್ಲ, ಈಗ ಇನ್ನೂ ಒಬ್ಬಳು ಕಡಿಮೆ."

ಎಲ್ಲರೂ ನಕ್ಕರು. ಗೆದ್ದ ದುಡ್ಡಿಗೆ ಅವರೇ ಇನ್ನಷ್ಟು ಸೇರಿಸಿ ಕೇಕು ತರಿಸಿದರು, ನನಗೂ ಒಂದು ತುಂಡು ಬಂತು. ತಿನ್ನುತ್ತಾ ಆ ಹಿರಿಯಳು, ನನ್ನ ಡಬ್ಬಿಯಲ್ಲಿದ್ದ ನಮ್ಮವ್ವನ ಶೇಂಗಾ ಚಟ್ನಿ ಮಾಡುವುದು ಹೇಗೆಂದು ಕೇಳಿದಳು. ಮೇಜು ಇದ್ದ ಹಾಗೇ ಇತ್ತು, ನನ್ನ ಕುರ್ಚಿಯೂ.

ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಅವ್ವನ ಎದುರು ನಿಂತು ಹೇಳಿದೆ, "ಬಿಟ್ಟೆ."

ಅವಳು ಖುಷಿಪಡಲಿಲ್ಲ. ಆ ಮಾತನ್ನು ಅಪ್ಪನ ಬಾಯಲ್ಲಿ ಅವಳು ಎಷ್ಟು ಸಲ ಕೇಳಿದ್ದಳೋ. ನನ್ನ ಮುಖವನ್ನೇ ನೋಡಿ, ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಅಂವ ಯಾವಾಗಲೂ ಗೋಡಿ ನೋಡಿ ಹೇಳ್ತಿದ್ದ" ಎಂದಳು. "ನೀ ನನ್ನ ಮಾರಿ ನೋಡಿ ಹೇಳಿದಿ."